ದುರ್ಬೀನು ಹುಟ್ಟಿದ್ದು ಚಾಳೀಸಿನ ಅಂಗಡಿಯಲ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ರವಿವಾರ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ‘ದೂರದರ್ಶಕವನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ‘ಗೆಲಿಲಿಯೊ, 1609’ ಎಂದು ಉತ್ತರ ಕೊಟ್ಟಿದ್ದೀರಿ. ಎಂಟನೇ ಇಯತ್ತೆಯಲ್ಲಿರುವ ನನ್ನ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ, “ಮುತ್ಯಾ, ಇದು ಬರೋಬ್ಬರಿ ಅದ ಏನು?” ಎಂದು ಕೇಳಿದಳು. ಬರೋಬ್ಬರಿ ಇಲ್ಲ ಎಂದೆ. ಹಾಗಾದರೆ ಪತ್ರಿಕೆಗೆ ಬರೆ ಎಂದು ಪೆನ್ನು ತಂದುಕೊಟ್ಟಳು. ತಪ್ಪು ತಿದ್ದಲು ಒಂದು ಕಾರ್ಡು ಸಾಕಿತ್ತು. ಆದರೆ ಕಲಬುರಗಿಯಲ್ಲಿ ನಲವತ್ತಾರು ವರ್ಷ ಚಾಳೀಸು, ಅಂದರೆ ಕನ್ನಡಕ, ಮಾಡಿಕೊಟ್ಟವನಿಗೆ ಈ ವಿಷಯ ಒಂದು ಕಾರ್ಡಿನಲ್ಲಿ ಮುಗಿಯುವುದಿಲ್ಲ. ದಯವಿಟ್ಟು ಪೂರ್ತಿ ಓದಬೇಕು.

ದೂರದರ್ಶಕವನ್ನು, ನಮ್ಮ ಮಾತಿನಲ್ಲಿ ದುರ್ಬೀನನ್ನು, ಮೊದಲು ದಾಖಲೆಗೆ ತಂದವನು ನಮ್ಮ ಕಸುಬಿನವನು. ನೆದರ್‌ಲ್ಯಾಂಡ್ಸ್‌ನ ಮಿಡಲ್‌ಬರ್ಗ್ ಎಂಬ ಊರಿನಲ್ಲಿ ಹಾನ್ಸ್ ಲಿಪ್ಪರ್‌ಹೇ ಎಂಬ ಚಾಳೀಸಿನ ಕಾರಿಗಾರನಿದ್ದ. 1608ರ ಅಕ್ಟೋಬರ್ 2ರಂದು ಅವನ ಅರ್ಜಿ ಹೇಗ್ ನಗರದಲ್ಲಿ ಡಚ್ಚರ ಆಡಳಿತ ಸಭೆಯ ಮುಂದೆ ಬಂತು. ದೂರದ ವಸ್ತುಗಳನ್ನು ಹತ್ತಿರ ಕಾಣಿಸುವ ಕೊಳವೆ ಮಾಡಿದ್ದೇನೆ, ಮೂವತ್ತು ವರ್ಷ ಬೇರೆ ಯಾರೂ ಇದನ್ನು ಮಾಡದಂತೆ ಹಕ್ಕು ಕೊಡಿ, ಇಲ್ಲವೇ ವರ್ಷಾಶನ ಕೊಡಿ ಎಂದು ಅವನು ಕೇಳಿದ್ದ. ಸಭೆಯವರು ನೋಡಿ ಮೆಚ್ಚಿದರು. ಒಂದು ಕಣ್ಣು ಮುಚ್ಚಿಕೊಂಡು ನೋಡುವುದು ಬೇಡ, ಎರಡೂ ಕಣ್ಣಿಗೆ ಆಗುವಂತೆ ಮಾಡಿಕೊಡು ಎಂದು 900 ಗಿಲ್ಡರ್ ಹಣವನ್ನೂ ಗೊತ್ತುಮಾಡಿದರು. ಹಕ್ಕು ಮಾತ್ರ ಕೊಡಲಿಲ್ಲ. ಏಕೆಂದರೆ ಅದೇ ತಿಂಗಳಲ್ಲಿ ಆಲ್ಕ್‌ಮಾರ್ ಊರಿನ ಯಾಕೋಬ್ ಮೆಟಿಯಸ್ ಎಂಬವನೂ ಅದೇ ಬಗೆಯ ಕೊಳವೆಗೆ ಅರ್ಜಿ ಹಾಕಿದ್ದ. ಮಿಡಲ್‌ಬರ್ಗ್‌ನಲ್ಲೇ ಇದ್ದ ಝಕಾರಿಯಾಸ್ ಯಾನ್ಸೆನ್ ಎಂಬ ಮತ್ತೊಬ್ಬ ಚಾಳೀಸಿನವನ ಹೆಸರೂ ಕೇಳಿಬರುತ್ತದೆ. ಯಾರ ಕೈಯಲ್ಲಿ ಮೊದಲು ಆಯಿತು ಎಂಬ ಜಗಳ ನಾಲ್ಕು ನೂರು ವರ್ಷವಾದರೂ ಮುಗಿದಿಲ್ಲ. ಜಗಳಕ್ಕೆ ನಿಂತವರಲ್ಲಿ ಇಬ್ಬರು ಚಾಳೀಸು ಮಾಡುವವರು ಎಂಬುದು ನನಗೆ ದೊಡ್ಡ ಮಾತು.

ಅದು ನಮ್ಮವರ ಕೈಯಲ್ಲೇ ಯಾಕೆ ಆಯಿತು ಎಂಬುದು ನನಗೆ ಹತ್ತನೇ ವಯಸ್ಸಿನಲ್ಲೇ ತಿಳಿದಿತ್ತು. ಬ್ರಹ್ಮಪುರದ ನಮ್ಮ ಮಾಳಗಿ ಮನೆಯ ಮುಂದಿನ ಖೋಲಿಯೇ ಅಪ್ಪನ ಅಂಗಡಿ. ಅಲ್ಲಿ ನಂಬರು ನೋಡುವ ಕಟ್ಟಿಗೆಯ ಪೆಟ್ಟಿಗೆ ಇತ್ತು. ಒಂದು ಕಡೆ ಸಾಲಾಗಿ ನಡು ಉಬ್ಬಿದ ಪ್ಲಸ್ ಗಾಜುಗಳು, ಇನ್ನೊಂದು ಕಡೆ ನಡು ಗುಳಿ ಬಿದ್ದ ಮೈನಸ್ ಗಾಜುಗಳು. ಅಪ್ಪ ಊಟಕ್ಕೆ ಒಳಗೆ ಹೋದಾಗ ಪ್ಲಸ್ ಎರಡು ನಂಬರಿನ ಗಾಜನ್ನು ಕೈ ಚಾಚಿ ಹಿಡಿದೆ, ಮೈನಸ್ ಹತ್ತರ ಗಾಜನ್ನು ಕಣ್ಣಿಗೆ ಒತ್ತಿಕೊಂಡೆ. ಎರಡರ ನಡುವೆ ಒಂದು ಮೊಳಕ್ಕಿಂತ ತುಸು ಕಡಿಮೆ ಅಂತರ ಇಟ್ಟಾಗ ಶರಣಬಸವೇಶ್ವರ ಗುಡಿಯ ಕಳಸ ಅಂಗಳಕ್ಕೆ ಬಂದಂತೆ ಕಂಡಿತು. ಕೂಗಿದೆ. ಅಪ್ಪ ಕೈತೊಳೆಯದೇ ಹೊರಗೆ ಬಂದು, “ಮೊದಲ ಗಾಜು ಕೆಳಗ ಇಡು, ಗೀರು ಬೀಳ್ತದ” ಎಂದರು. ಆಮೇಲೆ ತಾವೂ ಹಿಡಿದು ಬಹಳ ಹೊತ್ತು ನೋಡಿದರು.

ಲೆಕ್ಕ ಸರಳ. ಪ್ಲಸ್ ಎರಡರ ಗಾಜು ಬೆಳಕನ್ನು 50 ಸೆಂಟಿಮೀಟರ್ ದೂರದಲ್ಲಿ ಕೂಡಿಸುತ್ತದೆ. ಮೈನಸ್ ಹತ್ತರದ್ದು 10 ಸೆಂಟಿಮೀಟರಿನದು. ಐವತ್ತನ್ನು ಹತ್ತರಿಂದ ಭಾಗಿಸಿದರೆ ಐದು. ಕಳಸ ಐದು ಪಟ್ಟು ದೊಡ್ಡದಾಯಿತು. ಗಾಜುಗಳ ನಡುವಿನ ಅಂತರ ಐವತ್ತರಲ್ಲಿ ಹತ್ತು ಕಳೆದರೆ ನಲವತ್ತು ಸೆಂಟಿಮೀಟರ್. ಲಿಪ್ಪರ್‌ಹೇ ಮಾಡಿದ್ದು ಇದನ್ನೇ, ಗೆಲಿಲಿಯೊ ಬಳಸಿದ್ದೂ ಇದೇ ಜೋಡಿಯನ್ನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಟಲಿಯಲ್ಲಿ ಚಾಳೀಸು ಬಂದದ್ದು 1280ರ ದಶಕದಲ್ಲಿ. ದುರ್ಬೀನಿಗೆ ಮುನ್ನೂರು ವರ್ಷ ಯಾಕೆ ಬೇಕಾಯಿತು? ಕಸುಬಿನವನಾಗಿ ನನ್ನ ಉತ್ತರ ಹೇಳುತ್ತೇನೆ. ಮೊದಲು ಬಂದ ಗಾಜುಗಳೆಲ್ಲ ಪ್ಲಸ್ ನಂಬರಿನವು, ನಲವತ್ತು ದಾಟಿದವರು ಓದಲಿಕ್ಕೆ ಹಾಕುವಂಥವು. ಚಾಳೀಸು ಎಂಬ ನಮ್ಮ ಮಾತಿನಲ್ಲೇ ಆ ನಲವತ್ತು ಇದೆ. ದೂರದ್ದು ಕಾಣದವರಿಗೆ ಬೇಕಾದ ಮೈನಸ್ ಗಾಜು ಆಮೇಲೆ ಬಂತು, ಅದರಲ್ಲೂ ಹೆಚ್ಚಿನ ನಂಬರಿನದು ಅಪರೂಪ. ಇನ್ನೊಂದು, ಆ ಕಾಲದ ಗಾಜಿನಲ್ಲಿ ಗುಳ್ಳೆ ಇರುತ್ತಿತ್ತು, ಕೈಯಲ್ಲಿ ಉಜ್ಜುವಾಗ ಅಂಚಿನ ಕಡೆ ಬಾಗು ಕೆಡುತ್ತಿತ್ತು. ಓದುವ ಮುದುಕನಿಗೆ ಅದು ಅಡ್ಡಿಯಲ್ಲ, ಅವನ ಕಣ್ಣುಗುಡ್ಡೆ ಗಾಜಿನ ಸ್ವಲ್ಪ ಭಾಗವನ್ನಷ್ಟೇ ಬಳಸುತ್ತದೆ. ದುರ್ಬೀನಿಗೆ ಮುಂದಿನ ಗಾಜು ಪೂರ್ತಿ ಸರಿ ಇರಬೇಕು. ಗೆಲಿಲಿಯೊ ತನ್ನ ಗಾಜಿನ ಅಂಚನ್ನು ರಟ್ಟಿನಿಂದ ಮುಚ್ಚಿ ನಡುಭಾಗದಿಂದ ಮಾತ್ರ ಬೆಳಕು ಬಿಡುತ್ತಿದ್ದ. ಕೆಟ್ಟ ಅಂಚನ್ನು ಮುಚ್ಚುವ ಈ ಬುದ್ಧಿ ಕೈಯಲ್ಲಿ ಗಾಜು ಉಜ್ಜಿದವರಿಗೇ ಬರುವಂಥದ್ದು.

ಗೆಲಿಲಿಯೊನನ್ನು ನಾನು ಸಣ್ಣವನನ್ನಾಗಿ ಮಾಡುತ್ತಿಲ್ಲ. ಅವನೂ ಉಜ್ಜಿದವನೇ. 1609ರ ನವೆಂಬರಿನಲ್ಲಿ ತನಗೆ ಬಂದ ಒಂದು ಪತ್ರದ ಮೇಲೆ ಅವನು ಸಂತೆಯ ಚೀಟಿ ಬರೆದುಕೊಂಡಿದ್ದಾನೆ, ಅದು ಉಳಿದಿದೆ. ಅದರಲ್ಲಿ ಅಕ್ಕಿ, ಕಡಲೆ, ಮೆಣಸು, ಸಕ್ಕರೆ, ಮಗನಿಗೆ ಜೋಡು ಮತ್ತು ಟೋಪಿ ಇವುಗಳ ಸಾಲಿನಲ್ಲೇ ಎರಡು ತೋಪಿನ ಗುಂಡು, ತವರದ ಕೊಳವೆ, ಜರ್ಮನಿಯ ಗಾಜು, ಸ್ಫಟಿಕ, ಕನ್ನಡಿ ಚೂರು, ಉಜ್ಜುವ ಪುಡಿ, ರಾಳ ಎಲ್ಲ ಇವೆ. ತೋಪಿನ ಗುಂಡು ಯಾತಕ್ಕೆ ಎಂದು ಇತಿಹಾಸದ ಮೇಷ್ಟ್ರಿಗಿಂತ ಮೊದಲು ನಮ್ಮಂಥವರು ಹೇಳುತ್ತೇವೆ: ಗುಂಡಿನ ಉಬ್ಬಿನ ಮೇಲೆ ಗಾಜು ಉಜ್ಜಿದರೆ ಗಾಜಿಗೆ ಗುಳಿ ಬರುತ್ತದೆ, ಮೈನಸ್ ಗಾಜು ಸಿದ್ಧವಾಗುತ್ತದೆ. ನಮ್ಮ ಅಂಗಡಿಯಲ್ಲಿದ್ದ ಬೀಡುಕಬ್ಬಿಣದ ಅಚ್ಚುಗಳು ಮಾಡುತ್ತಿದ್ದ ಕೆಲಸವೂ ಅದೇ. ನಮ್ಮ ಕೋಟೆಯ ಬಾರಾ ಗಜೀ ತೋಪು ನೋಡಲು ಹೋದಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ.

ಮೂರು ಪಟ್ಟಿನಿಂದ ಶುರು ಮಾಡಿ ಇಪ್ಪತ್ತು ಪಟ್ಟಿನವರೆಗೆ ಅವನು ಹೋದ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1609ರ ಬೇಸಿಗೆಯಲ್ಲೇ, ಗೆಲಿಲಿಯೊಗಿಂತ ಕೆಲವು ತಿಂಗಳು ಮೊದಲು, ದುರ್ಬೀನಿನಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದಿದ್ದ. ಆದರೂ ಹೆಸರು ಗೆಲಿಲಿಯೊನದು ಉಳಿಯಿತು, ಅದು ನ್ಯಾಯವೇ. 1610ರ ಜನವರಿ 7ರಂದು ಗುರುವಿನ ಪಕ್ಕ ಮೂರು ಚುಕ್ಕೆ ಕಂಡವನು ಅಷ್ಟಕ್ಕೇ ಬಿಡಲಿಲ್ಲ. ಮರುದಿನ ನೋಡಿದ, ಚುಕ್ಕೆಗಳು ಜಾಗ ಬದಲಿಸಿದ್ದವು. ಮೋಡವಿಲ್ಲದ ಪ್ರತಿ ರಾತ್ರಿ ನೋಡಿದ, ಪ್ರತಿ ರಾತ್ರಿ ಗೀಚಿಟ್ಟ. ವಾರದೊಳಗೆ ನಾಲ್ಕನೆಯದೂ ಸಿಕ್ಕಿತು. ಎಲ್ಲವೂ ಭೂಮಿಯ ಸುತ್ತಲೇ ತಿರುಗಬೇಕು ಎಂಬ ಮಾತು ಅಲ್ಲಿ ಮುರಿದುಬಿತ್ತು. ಮಾರ್ಚಿನಲ್ಲಿ ಪುಸ್ತಕ ಅಚ್ಚಾಯಿತು. ಮಕ್ಕಳ ಪುಟದಲ್ಲಿ ‘ಕಂಡುಹಿಡಿದ’ ಎಂಬುದರ ಬದಲು ‘ಆಕಾಶಕ್ಕೆ ತಿರುಗಿಸಿ, ಬಿಡದೇ ನೋಡಿ, ಬರೆದಿಟ್ಟ’ ಎಂದು ಹಾಕಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಟೆಲಿಸ್ಕೋಪ್ ಎಂಬ ಹೆಸರು ಬಂದದ್ದು 1611ರಲ್ಲಿ, ರೋಮ್‌ನಲ್ಲಿ ಅವನಿಗಾಗಿ ಏರ್ಪಡಿಸಿದ್ದ ಒಂದು ಊಟದ ಕೂಟದಲ್ಲಿ. ನಮ್ಮ ದುರ್ಬೀನು ಪಾರಸಿಯಿಂದ ಬಂದ ಮಾತು, ಅರ್ಥ ಅದೇ, ದೂರ ನೋಡುವುದು.

ಆಮೇಲಿನ ನೂರು ವರ್ಷ ಗಾಜಿನ ಜೊತೆಗಿನ ಗುದ್ದಾಟ. ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿ ಎರಡೂ ಕಡೆ ಪ್ಲಸ್ ಗಾಜು ಹಾಕಬಹುದೆಂದು ತೋರಿಸಿದ. ಚಿತ್ರ ತಲೆಕೆಳಗಾದರೂ ನೋಟದ ಹರವು ಹೆಚ್ಚಿತು. ಆದರೆ ಒಂಟಿ ಗಾಜಿಗೆ ಒಂದು ಹುಟ್ಟು ದೋಷವಿದೆ. ಅದು ಕೆಂಪನ್ನೂ ನೀಲಿಯನ್ನೂ ಒಂದೇ ಜಾಗದಲ್ಲಿ ಕೂಡಿಸುವುದಿಲ್ಲ. ದಪ್ಪ ನಂಬರಿನ ಚಾಳೀಸು ಹಾಕುವವರು ಟ್ಯೂಬ್‌ಲೈಟಿನ ಅಂಚಿಗೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆಂದು ದೂರುತ್ತಾರಲ್ಲ, ಅದೇ ದೋಷ. ಬಾಗು ಕಡಿಮೆ ಮಾಡಿ ಕೊಳವೆ ಉದ್ದ ಮಾಡಿದರೆ ಬಣ್ಣ ತಗ್ಗುತ್ತದೆ. ಹಾಗಾಗಿ ಕೊಳವೆಗಳು ಉದ್ದ ಉದ್ದ ಆದವು. 1670ರ ದಶಕದ ಹೊತ್ತಿಗೆ ಹೆವೆಲಿಯಸ್ ಎಂಬವನು ಡಾನ್‌ಸಿಗ್‌ನಲ್ಲಿ (ಈಗಿನ ಪೋಲೆಂಡಿನ ಗ್ಡಾನ್‌ಸ್ಕ್) 150 ಅಡಿ ಉದ್ದದ್ದನ್ನು ಕಂಬಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ್ದ. ಗಾಳಿ ಬೀಸಿದರೆ ಅದು ತೂಗಾಡುತ್ತಿತ್ತು.

ನ್ಯೂಟನ್ 1668ರಲ್ಲಿ ಮುಂದಿನ ಗಾಜನ್ನೇ ತೆಗೆದುಹಾಕಿದ. ಕನ್ನಡಿ ಎಲ್ಲ ಬಣ್ಣವನ್ನೂ ಒಂದೇ ರೀತಿ ತಿರುಗಿಸುತ್ತದೆ, ಹಾಗಾಗಿ ಬಣ್ಣದ ಕಾಟವಿಲ್ಲ. ಅವನ ಕನ್ನಡಿ ಗಾಜಿನದಲ್ಲ, ತಾಮ್ರಕ್ಕೆ ತವರ ಬೆರೆಸಿ ತಾನೇ ಎರಕ ಹೊಯ್ದು ತಾನೇ ತಿಕ್ಕಿ ಮಾಡಿದ ಲೋಹದ ಬಿಲ್ಲೆ. ಅಗಲ ಒಂದೂವರೆ ಇಂಚಿಗೂ ಕಡಿಮೆ. ಬೀದರಿನಲ್ಲಿ ಬಿದರಿ ಕೆಲಸದ ನನ್ನ ಗೆಳೆಯರೊಬ್ಬರಿಗೆ ಈ ಮಾತು ಹೇಳಿದಾಗ ಅವರು ಪಟ್ಟನೆ, “ತವರ ಜಾಸ್ತಿ ಆದ್ರ ಒಡದ್ ಹೋಗ್ತದ್ರಿ” ಎಂದರು. ನಿಜ, ಆ ಮಿಶ್ರಣ ಗಾಜಿನಷ್ಟೇ ಪೆಡಸು. ಬಿದರಿಯವರು ಸತುವಿಗೆ ತಾಮ್ರ ಸೇರಿಸಿ ಹೊಯ್ಯುತ್ತಾರೆ, ಕೋಟೆಯ ಮಣ್ಣು ಹಾಕಿ ಲೋಹವನ್ನು ಕಪ್ಪು ಮಾಡುತ್ತಾರೆ. ದುರ್ಬೀನಿನವರಿಗೆ ಬೆಳ್ಳಗಿನ ಹೊಳಪು ಬೇಕಿತ್ತು, ಅದೋ ಕೆಲವೇ ತಿಂಗಳಲ್ಲಿ ಮಂಕಾಗುತ್ತಿತ್ತು. ಮತ್ತೆ ತಿಕ್ಕಬೇಕು, ತಿಕ್ಕುವಾಗ ಬಾಗು ಕೆಡದಂತೆ ನೋಡಬೇಕು.

ಈ ಲೋಹದ ಕನ್ನಡಿಯನ್ನು ಎತ್ತರಕ್ಕೆ ಒಯ್ದವರು ಒಬ್ಬ ಸಂಗೀತಗಾರ ಮತ್ತು ಅವನ ತಂಗಿ. ವಿಲಿಯಂ ಹರ್ಷಲ್ ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯುತ್ತಿದ್ದ. ಮನೆಯಲ್ಲೇ ಎರಕ ಹೊಯ್ಯುತ್ತಿದ್ದ. ಅಚ್ಚಿಗೆ ಕುದುರೆ ಲದ್ದಿ ಬೇಕು. ಲದ್ದಿಯನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸ ತಂಗಿ ಕ್ಯಾರೊಲೈನ್‌ಳದೂ ಆಗಿತ್ತು. ಕನ್ನಡಿಯ ತಿಕ್ಕಾಟದ ಕಡೆಯ ಹಂತದಲ್ಲಿ ಕೈ ತೆಗೆಯುವಂತಿಲ್ಲ. ಒಮ್ಮೆ ಅಣ್ಣ ಹದಿನಾರು ತಾಸು ಕೈ ತೆಗೆಯದೇ ಕೂತಾಗ ಅವಳು ತುತ್ತು ಮಾಡಿ ಬಾಯಿಗೆ ಇಟ್ಟಳಂತೆ, ಬೇಸರವಾಗದಿರಲೆಂದು ಕಥೆ ಓದಿ ಹೇಳಿದಳಂತೆ. 1781ರ ಮಾರ್ಚ್ 13ರ ರಾತ್ರಿ ಅವನಿಗೆ ಯುರೇನಸ್ ಸಿಕ್ಕಿತು. ಅದೇ ವರ್ಷ ಮನೆಯ ನೆಲಮಾಳಿಗೆಯಲ್ಲಿ ಎರಕದ ಕುಲುಮೆ ಸೋರಿ, ಕಾದ ಲೋಹ ಹರಿದು ನೆಲದ ಹಾಸುಗಲ್ಲುಗಳು ಸಿಡಿದವು, ಎಲ್ಲರೂ ಜೀವ ಉಳಿಸಿಕೊಂಡು ಓಡಿದರು. 1786ರ ಆಗಸ್ಟ್ 1ರಂದು ಕ್ಯಾರೊಲೈನ್ ತಾನೇ ಒಂದು ಧೂಮಕೇತು ಕಂಡುಹಿಡಿದಳು. ಒಟ್ಟು ಎಂಟು ಧೂಮಕೇತು ಅವಳ ಲೆಕ್ಕದಲ್ಲಿವೆ. ಅರಸನಿಂದ ಅವಳಿಗೆ ವರ್ಷಕ್ಕೆ 50 ಪೌಂಡ್ ಸಂಬಳವೂ ಆಯಿತು. ನಿಮ್ಮ ಮಕ್ಕಳ ಪುಟದಲ್ಲಿ ಒಂದು ಸಲ ಅವಳ ಕಥೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮೊಮ್ಮಗಳಿಗೆ ನಾನು ಗೆಲಿಲಿಯೊನಿಗಿಂತ ಮೊದಲು ಹೇಳಿದ್ದು ಇವಳ ಕಥೆ.

ಅಷ್ಟರಲ್ಲಿ ಗಾಜಿನವರೂ ಸುಮ್ಮನೆ ಕೂತಿರಲಿಲ್ಲ. ಎರಡು ಬೇರೆ ಜಾತಿಯ ಗಾಜನ್ನು, ಕ್ರೌನ್ ಮತ್ತು ಫ್ಲಿಂಟ್, ಜೋಡಿಸಿದರೆ ಒಂದರ ಬಣ್ಣದ ದೋಷವನ್ನು ಇನ್ನೊಂದು ಕಳೆಯುತ್ತದೆ ಎಂದು 1730ರ ದಶಕದಲ್ಲಿ ಚೆಸ್ಟರ್ ಮೂರ್ ಹಾಲ್ ಎಂಬ ವಕೀಲ ಕಂಡುಕೊಂಡ. ಗುಟ್ಟು ಹೊರಬೀಳಬಾರದೆಂದು ಒಂದು ಗಾಜನ್ನು ಒಂದು ಅಂಗಡಿಗೆ, ಇನ್ನೊಂದನ್ನು ಬೇರೆ ಅಂಗಡಿಗೆ ಕೊಟ್ಟನಂತೆ. ಇಬ್ಬರೂ ಕೆಲಸವನ್ನು ಜಾರ್ಜ್ ಬ್ಯಾಸ್ ಎಂಬ ಒಬ್ಬನೇ ಕಾರಿಗಾರನಿಗೆ ದಾಟಿಸಿದರಂತೆ. ಎರಡೂ ಗಾಜು ಒಂದರೊಳಗೊಂದು ಸರಿಯಾಗಿ ಕೂರುವುದನ್ನು ಕಂಡು ಅವನಿಗೆ ಗುಟ್ಟು ತಿಳಿಯಿತು. ಕಸುಬಿನ ಊರುಗಳಲ್ಲಿ ಗುಟ್ಟು ಹೀಗೇ ಓಡಾಡುತ್ತದೆ. 1758ರಲ್ಲಿ ಅದಕ್ಕೆ ಹಕ್ಕು ಪಡೆದವನು ಜಾನ್ ಡಾಲಂಡ್. ಗಾಜಿನ ದುರ್ಬೀನು ಬೆಳೆದು ಬೆಳೆದು 1897ರಲ್ಲಿ ಅಮೆರಿಕದ ಯರ್ಕ್ಸ್‌ನಲ್ಲಿ 40 ಇಂಚಿಗೆ ಬಂದು ನಿಂತಿತು. ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಬಹುದು, ಅದಕ್ಕಿಂತ ದೊಡ್ಡದಾದರೆ ತನ್ನ ಭಾರಕ್ಕೇ ನಡುವೆ ಜೋಲುತ್ತದೆ. ಕನ್ನಡಿಗಾದರೆ ಬೆನ್ನ ಹಿಂದೆ ಪೂರ್ತಿ ಆಸರೆ ಕೊಡಬಹುದು.

ಕನ್ನಡಿ ಗೆದ್ದದ್ದು ಲೋಹ ಬಿಟ್ಟು ಗಾಜಿಗೆ ಬಂದ ಮೇಲೆ. 1850ರ ದಶಕದಲ್ಲಿ ಪ್ಯಾರಿಸ್ಸಿನ ಫೂಕೋ ಗಾಜಿನ ಮೇಲೆ ತೆಳ್ಳಗೆ ಬೆಳ್ಳಿ ಹಚ್ಚಿದ ಕನ್ನಡಿ ಮಾಡಿದ. ಮಂಕಾದರೆ ಬೆಳ್ಳಿ ತೊಳೆದು ಮತ್ತೆ ಹಚ್ಚಿದರಾಯಿತು, ಬಾಗು ಕೆಡುವ ಮಾತೇ ಇಲ್ಲ. ಜೊತೆಗೆ ಅವನು ಒಂದು ಪರೀಕ್ಷೆಯನ್ನೂ ಕೊಟ್ಟ: ಒಂದು ದೀಪ, ತಗಡಿನಲ್ಲಿ ಸೂಜಿ ರಂಧ್ರ, ಒಂದು ಅಲಗು. ಇಷ್ಟರಿಂದ ಕನ್ನಡಿಯ ಮೇಲೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಏರುತಗ್ಗು ಇದ್ದರೂ ಕಣ್ಣಿಗೆ ನೆರಳಾಗಿ ಕಾಣುತ್ತದೆ.

ಇದನ್ನು ನಾನು ಓದಿ ಹೇಳುತ್ತಿಲ್ಲ, ಮಾಡಿ ನೋಡಿದ್ದೇನೆ. 1986ರಲ್ಲಿ ಹ್ಯಾಲಿ ಧೂಮಕೇತು ಬರುವ ಸುದ್ದಿ ಕೇಳಿ 6 ಇಂಚಿನ ಕನ್ನಡಿ ಉಜ್ಜಲು ಕೂತೆ. ದಪ್ಪ ಗಾಜಿನ ಎರಡು ಬಿಲ್ಲೆ. ನಡುವೆ ನೀರು ಮತ್ತು ಎಮರಿ ಪುಡಿ. ಕೆಳಗಿನದನ್ನು ಪೀಪಾಯಿಯ ಮೇಲೆ ಕೂಡಿಸಿ, ಮೇಲಿನದನ್ನು ಹಿಂದೆ ಮುಂದೆ ಆಡಿಸುತ್ತ ಪೀಪಾಯಿಯ ಸುತ್ತ ನಡೆಯಬೇಕು. ಅಷ್ಟೇ. ಮೇಲಿನದು ತಾನಾಗಿಯೇ ಗುಳಿ ಬೀಳುತ್ತದೆ, ಕೆಳಗಿನದು ಉಬ್ಬುತ್ತದೆ, ಎರಡೂ ಗೋಳದ ಚೂರಾಗಿ ಕೂರುತ್ತವೆ. ಇಷ್ಟೆಲ್ಲ ಮಾಡಿ ನಡುವೆ ಬರುವ ತಗ್ಗು 1 ಮಿಲಿಮೀಟರಿಗಿಂತ ತುಸು ಹೆಚ್ಚು. ಪುಡಿ ನುಣ್ಣಗಾಗುತ್ತ ಹೋದಂತೆ ಸದ್ದು ಬದಲಾಗುತ್ತದೆ, ಮೊದಲು ಜೋಳ ಬೀಸಿದಂತೆ, ಕೊನೆಗೆ ರೇಷ್ಮೆ ಸೀರೆ ಸರಿದಂತೆ. ಹೊಳಪು ಬರಿಸಲು ರಾಳದ ಹಾಸು ಬೇಕು. ಅಲ್ಲಿ ಕಲಬುರಗಿಯ ಬಿಸಿಲು ಅಡ್ಡ ಬಂತು. ಏಪ್ರಿಲ್‌ನಲ್ಲಿ ಹಗಲು ಹೊತ್ತು ರಾಳ ಬೆಲ್ಲದ ಪಾಕದಂತೆ ಹರಿಯುತ್ತಿತ್ತು. ನಸುಕಿನ ನಾಲ್ಕಕ್ಕೆ ಎದ್ದು ಆರರವರೆಗೆ ಮಾತ್ರ ಉಜ್ಜುತ್ತಿದ್ದೆ. ನನ್ನ ಹೆಂಡತಿ ಚಹಾ ತಂದು ಪೀಪಾಯಿಯ ಪಕ್ಕ ಕೂತು, ಎಷ್ಟು ಸುತ್ತು ಆಯಿತೆಂದು ಎಣಿಸುತ್ತಿದ್ದಳು. ಕನ್ನಡಿ ಮುಗಿಯುವಷ್ಟರಲ್ಲಿ ಹ್ಯಾಲಿ ದೂರ ಹೋಗಿತ್ತು. ಅಲ್ಯುಮಿನಿಯಂ ಲೇಪ ಹಾಕಿಸಿ ತಂದ ಮೇಲೆ ಮೊದಲು ನೋಡಿದ್ದು ಶನಿಯನ್ನು. ಉಂಗುರ ಕಂಡಾಗ ಇಬ್ಬರೂ ಮಾತಾಡಲಿಲ್ಲ.

ಇಪ್ಪತ್ತನೇ ಶತಮಾನದ ದೊಡ್ಡ ಕನ್ನಡಿಗಳ ಕಥೆ ನಿಮ್ಮ ಓದುಗರಿಗೆ ತಿಳಿದದ್ದೇ. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನ 100 ಇಂಚು. ಅದರಲ್ಲಿ ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾ ನೀಹಾರಿಕೆಯ ಒಂದು ಮಿಡಿಯುವ ನಕ್ಷತ್ರ ಹಿಡಿದು, ಆ ನೀಹಾರಿಕೆ ನಮ್ಮ ಆಕಾಶಗಂಗೆಯ ಆಚೆಯದು ಎಂದು ತೋರಿಸಿದ. 1948ರಲ್ಲಿ ಪಾಲೊಮಾರ್‌ನ 200 ಇಂಚು. ಕಣ್ಣಿಗೆ ಕಾಣದ ರೇಡಿಯೊ ಅಲೆ ಹಿಡಿಯುವ ದುರ್ಬೀನುಗಳು ಬೇರೆಯೇ ಕಥೆ, ಅವನ್ನು ಬಲ್ಲವರು ಬರೆಯಲಿ. ಪುಣೆಯ ಹತ್ತಿರ ನಾರಾಯಣಗಾಂವ್ ಕಡೆ ಹೋದವರು 45 ಮೀಟರಿನ ಆ ಮೂವತ್ತು ತಟ್ಟೆಗಳಲ್ಲಿ ಕೆಲವನ್ನಾದರೂ ನೋಡಿಯೇ ಇರುತ್ತೀರಿ.

ಆದರೆ ಹಬಲ್ ಹೆಸರಿನ ಬಾಹ್ಯಾಕಾಶ ದುರ್ಬೀನಿನ ಬಗ್ಗೆ ನಾನು ಹೇಳಲೇಬೇಕು. 1990ರ ಏಪ್ರಿಲ್‌ನಲ್ಲಿ ಹಾರಿಸಿದರು, ಬಂದ ಚಿತ್ರ ಮಸುಕು. ಅದರ 2.4 ಮೀಟರ್ ಕನ್ನಡಿಯ ಅಂಚು 2.2 ಮೈಕ್ರಾನ್ ಹೆಚ್ಚು ಸವೆದಿತ್ತು, ತಲೆಗೂದಲಿನ ಐವತ್ತರಲ್ಲೊಂದು ಪಾಲಿನಷ್ಟು. ಉಜ್ಜಿದ ಯಂತ್ರದ ತಪ್ಪಲ್ಲ. ಬಾಗು ಅಳೆಯುವ ಸಾಧನದೊಳಗೆ ಒಂದು ಸಣ್ಣ ಮಸೂರ 1.3 ಮಿಲಿಮೀಟರ್ ಸರಿದು ಕೂತಿತ್ತು. ತಪ್ಪು ಅಳತೆಗೋಲು ಹಿಡಿದು ಬಹಳ ನಿಖರವಾಗಿ ಉಜ್ಜಿದ್ದರು. ಬೇರೆ ಸಾಧನದಲ್ಲಿ ನೋಡಿದಾಗ ದೋಷ ಕಂಡಿತ್ತು, ಅದನ್ನು ನಂಬಲಿಲ್ಲ. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ, ಕನ್ನಡಿಯ ದೋಷಕ್ಕೆ ಸರಿಯಾಗಿ ಉಲ್ಟಾ ದೋಷವಿರುವ ಸಣ್ಣ ಕನ್ನಡಿಗಳನ್ನು ಕೂಡಿಸಿ ಬಂದರು. ನಂಬರು ತೆಗೆದು ಚಾಳೀಸು ಹಾಕಿದರು, ಬೇರೇನಲ್ಲ. ಆ ಸುದ್ದಿ ಬಂದ ದಿನ ಅಪ್ಪ ಇದ್ದರು. ಪತ್ರಿಕೆಯ ಆ ತುಂಡು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದರು. ಹತ್ತು ವರ್ಷ ಅದು ಅಲ್ಲೇ ಇತ್ತು.

ಇದೆಲ್ಲ ದೂರದ ದೇಶದ ಮಾತು, ನಮಗೇನು ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿ. ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ಆಕಾಶ ನೋಡುವ ವೇಧಶಾಲೆ ಕಟ್ಟಲು ಅಪ್ಪಣೆ ಕೊಟ್ಟಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಹೊಣೆ ಹೊತ್ತ ಗೀಲಾನಿ ಎಂಬ ವಿದ್ವಾಂಸ ತೀರಿಕೊಂಡಿದ್ದರಿಂದ ಕೆಲಸ ನಿಂತಿತು. ದುರ್ಬೀನು ಹುಟ್ಟಲು ಇನ್ನೂ ಇನ್ನೂರು ವರ್ಷವಿತ್ತು, ಬರಿಗಣ್ಣಿನ ವೇಧಶಾಲೆ ಅದು. ಎರಡನೆಯದು, 1901ರಲ್ಲಿ ನವಾಬ್ ಜಫರ್ ಜಂಗ್ ಡಬ್ಲಿನ್‌ನ ಗ್ರಬ್ ಕಾರ್ಖಾನೆಯ 15 ಇಂಚಿನ ದುರ್ಬೀನು ತರಿಸಿ ಹೈದರಾಬಾದಿನಲ್ಲಿ ವೇಧಶಾಲೆ ತೆರೆದರು. 1908ರಲ್ಲಿ ನಿಜಾಂ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಆ ಸಂಸ್ಥಾನದಲ್ಲೇ ಇದ್ದವು. ಜಗತ್ತಿನ ವೇಧಶಾಲೆಗಳೆಲ್ಲ ಆಕಾಶವನ್ನು ಪಾಲು ಮಾಡಿಕೊಂಡು ನಕ್ಷತ್ರಗಳ ಫೋಟೊ ಪಟ್ಟಿ ಮಾಡುತ್ತಿದ್ದಾಗ ದಕ್ಷಿಣದ 17ರಿಂದ 23 ಡಿಗ್ರಿಯ ಪಾಲು ಬಂದದ್ದು ಹೈದರಾಬಾದಿಗೆ. ಲಕ್ಷಾಂತರ ನಕ್ಷತ್ರಗಳ ಜಾಗವನ್ನು ಗಾಜಿನ ಹಲಗೆಗಳ ಮೇಲೆ ಅಳೆದು ಬರೆದರು. ನಮ್ಮ ಮುತ್ಯಾ ಕಟ್ಟಿದ ಕಂದಾಯದ ದುಡ್ಡೂ ಅದರಲ್ಲಿ ಇದೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗನೇ ಮುಂದೆ ತಮಿಳುನಾಡಿನ ಕಾವಲೂರಿನ ವೇಧಶಾಲೆ ಕಟ್ಟಿದ ವೇಣು ಬಾಪು. ಅಲ್ಲಿರುವ 2.34 ಮೀಟರಿನ ಕನ್ನಡಿಯನ್ನು ಉಜ್ಜಿದ್ದು ಬೆಂಗಳೂರಿನಲ್ಲಿ, ನಮ್ಮವರ ಕೈಯಲ್ಲಿ. 1986ರಲ್ಲಿ ಅದಕ್ಕೆ ಅವರ ಹೆಸರಿಟ್ಟಾಗ ಬಾಪು ಇರಲಿಲ್ಲ.

ಈಗ ನಾನು ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಪ್ರೌಢಶಾಲೆಗೆ ಮಕ್ಕಳ ಕಣ್ಣು ತಪಾಸಣೆಗೆ ಕರೆದಿದ್ದರು. ವಿಜ್ಞಾನದ ಕೋಣೆಯ ಅಲಮಾರಿಯ ಮೇಲೆ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ, ಒಂದು ಉದ್ದನೆಯ ಪೆಟ್ಟಿಗೆ ಕಂಡಿತು. ಕೇಳಿದೆ. ದುರ್ಬೀನು ಎಂದರು. ಬಂದು ಒಂಬತ್ತು ವರ್ಷವಾಗಿತ್ತು, ಪೆಟ್ಟಿಗೆಯ ಟೇಪು ಒಂದು ಸಲ ಮಾತ್ರ ಹರಿದಿತ್ತು. ಯಾಕೆ ತೆಗೆದಿಲ್ಲ ಎಂದರೆ ಮೇಷ್ಟ್ರು ಸಂಕಟದಿಂದ ಹೇಳಿದರು, “ಸ್ಟಾಕ್ ರಿಜಿಸ್ಟರ್‌ನಾಗ ನನ್ನ ಹೆಸರಿಲೆ ಅದರೀ. ಒಡದ್ರ ನನ್ನ ಪಗಾರದಾಗ ಕಟ್ ಮಾಡ್ತಾರ.” ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಲೆಕ್ಕದ ಪದ್ಧತಿಯ ಮೇಲೆ. ಅಲಮಾರಿಯಲ್ಲಿ ಕೊಳೆತರೆ ಯಾರನ್ನೂ ಕೇಳುವುದಿಲ್ಲ, ಮಕ್ಕಳ ಕೈಯಲ್ಲಿ ಒಂದು ಸ್ಕ್ರೂ ಸಡಿಲಾದರೆ ದಂಡ.

ಹೊಣೆ ನನ್ನದೆಂದು ಬರೆದುಕೊಟ್ಟು ಆ ದುರ್ಬೀನನ್ನು ಅಂಗಡಿಗೆ ತಂದೆ. ನಾಲ್ಕೂವರೆ ಇಂಚಿನ ಕನ್ನಡಿ, ಮೇಲೆ ಬೂಜು ಮತ್ತು ಧೂಳು. ಕಣ್ಣಿಡುವ ಗಾಜು ಕಳೆದುಹೋಗಿತ್ತು, ಅದನ್ನು ನನ್ನ ಹತ್ತಿರವಿದ್ದ ಹಳೆಯ ಮಸೂರಗಳಿಂದ ಕಟ್ಟಿದೆ. ಕನ್ನಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಸಾಬೂನಿನ ಹನಿ ಹಾಕಿ, ಹತ್ತಿಯನ್ನು ಒತ್ತದೆ ಎಳೆದೆ. ಹಿಂದಿನ ಮೂರು ಸ್ಕ್ರೂ ತಿರುಗಿಸಿ ಕನ್ನಡಿಗಳನ್ನು ಒಂದೇ ನೇರಕ್ಕೆ ತಂದೆ. ಖರ್ಚು 340 ರೂಪಾಯಿ.

ಶುಕ್ಲಪಕ್ಷದ ಅಷ್ಟಮಿಯ ಸಂಜೆ ಶಾಲೆಯ ಅಂಗಳದಲ್ಲಿ ನಿಲ್ಲಿಸಿದೆವು. ಹುಣ್ಣಿಮೆಯಲ್ಲಿ ಚಂದ್ರ ಚಪ್ಪಟೆ ಕಾಣುತ್ತಾನೆ. ಅರ್ಧ ಚಂದ್ರನಿದ್ದಾಗ ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಉದ್ದವಾಗುತ್ತದೆ. ಮಕ್ಕಳು, ಅವರ ತಾಯಂದಿರು, ತೊಗರಿ ಹೊಲದಿಂದ ನೇರ ಬಂದ ಗಂಡಸರು, ಎಲ್ಲ ಸಾಲು ನಿಂತರು. ಒಬ್ಬ ಮುದುಕಿ ಕಣ್ಣಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, “ಮೈಲಿ ಬ್ಯಾನಿ ಬಂದ್ ಹ್ವಾದ ಮಾರಿ ಇದ್ದಾಂಗ ಅದಲ್ಲೋ ಯಪ್ಪಾ” ಎಂದಳು. ಅವಳ ಕೆನ್ನೆಯ ಮೇಲೂ ಆ ಕಲೆಗಳಿದ್ದವು. ಗುರುವಿನ ಕಡೆ ತಿರುಗಿಸಿದಾಗ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ನಾಲ್ಕು ಚುಕ್ಕೆಗಳನ್ನು ಅಂಗೈ ಮೇಲೆ ಬಾಲ್‌ಪೆನ್ನಿನಿಂದ ಗುರುತು ಮಾಡಿಕೊಂಡಳು. ಮರುದಿನ ಸಂಜೆ ತಾನೇ ಬಂದು, “ಕಾಕಾ, ಇವತ್ತ ಜಾಗ ಬದಲಿ ಆಗ್ಯಾವ ಏನು ನೋಡ್ಬೇಕು” ಎಂದಳು. 1610ರ ಜನವರಿ 8ರಂದು ಗೆಲಿಲಿಯೊ ಮಾಡಿದ್ದೂ ಇದನ್ನೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ಶಿಕ್ಷಣ ಇಲಾಖೆಯ ಹಿರಿಯರಲ್ಲಿ, ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ. ದುರ್ಬೀನು ಬಳಸುವಾಗ ಆಗುವ ಹಾನಿಯನ್ನು ಮೇಷ್ಟ್ರ ಪಗಾರಕ್ಕೆ ಹಚ್ಚದೆ ಸವಕಳಿ ಎಂದು ಬರೆಯಲು ಒಂದು ಆದೇಶ ಹೊರಡಿಸಿ. ನಮ್ಮ ಭಾಗದಲ್ಲಿ ದಸರೆ ಕಳೆದ ಮೇಲಿಂದ ಯುಗಾದಿಯವರೆಗೆ ಆಕಾಶ ಒಣಗಿ ಸ್ವಚ್ಛ ಇರುತ್ತದೆ. ತಿಂಗಳಿಗೆ ಒಂದು ಸಂಜೆಯಾದರೂ ಪೆಟ್ಟಿಗೆ ತೆರೆಯಲಿ. ನಮ್ಮ ಊರಿನಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ. ಆದರೆ ಆಳಂದ, ಔರಾದ್, ಸುರಪುರದ ಹಳ್ಳಿಯ ಮಗು ರಾತ್ರಿ ಹೊತ್ತು ಕಲಬುರಗಿಗೆ ಬರುವಂತಿಲ್ಲ. ಅಲ್ಲಿನ ಕತ್ತಲೆ ನಮ್ಮ ಪ್ಯಾಟಿಗಿಂತ ಒಳ್ಳೆಯದು, ದುರ್ಬೀನು ಅಲ್ಲೇ ಇರಬೇಕು.

ಪಾಲಕರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಅಚ್ಚು ಹಾಕಿದ್ದನ್ನು ನಂಬಿ ದುಡ್ಡು ಕೊಡಬೇಡಿ. ಮುಂದಿನ ಗಾಜು ಅಥವಾ ಕನ್ನಡಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟಿಗಿಂತ ಹೆಚ್ಚು ಹೋದರೆ ಕಾಣುವುದು ಬರೀ ಮಸುಕು. 60 ಮಿಲಿಮೀಟರಿನದಕ್ಕೆ 120 ಪಟ್ಟೇ ಕೊನೆ. ಅಗಲ ಕೇಳಿ, ಸ್ಟ್ಯಾಂಡು ಅಲುಗಾಡುತ್ತದೆಯೇ ನೋಡಿ, ಆಮೇಲೆ ಕೊಳ್ಳಿ.

ಇನ್ನು ಸೂರ್ಯ. 1980ರ ಫೆಬ್ರವರಿ 16, ಶನಿವಾರ. ಪೂರ್ಣ ಗ್ರಹಣ ರಾಯಚೂರಿನ ಕಡೆ, ನಮ್ಮಲ್ಲಿ ಭಾಗಶಃ. ಮಧ್ಯಾಹ್ನ ಓಣಿಗಳಲ್ಲಿ ಜನ ಇರಲಿಲ್ಲ. ಅಪ್ಪನ ಹತ್ತಿರ ಕಪ್ಪು ಗಾಜು ಕೇಳಿ ಬಂದವರನ್ನೆಲ್ಲ ಅವರು ಬೈದು ಕಳಿಸಿದರು. ಬೇವಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ನೂರಾರು ಕುಡುಗೋಲಿನಂಥ ಸೂರ್ಯರನ್ನು ನೆಲದ ಮೇಲೆ ತೋರಿಸಿದರು. ಮುಂದಿನ ವಾರ ಇಬ್ಬರು ಹುಡುಗರು ಅಂಗಡಿಗೆ ಬಂದರು, ನೋಟದ ನಡುವೆ ಒಂದು ಕಪ್ಪು ಚುಕ್ಕೆ ಹೋಗುತ್ತಿಲ್ಲ ಎಂದರು. ಅಪ್ಪ ಪೆಟ್ಟಿಗೆಯ ಎಲ್ಲ ಗಾಜು ಹಾಕಿ ನೋಡಿದರು. ಆ ಸುಟ್ಟ ಕಲೆಗೆ ಯಾವ ನಂಬರೂ ಇರಲಿಲ್ಲ. ಬರಿಗಣ್ಣಿಗೇ ಹೀಗಾದರೆ ದುರ್ಬೀನಿನಲ್ಲಿ ಕ್ಷಣ ಸಾಕು. ಅಗ್ಗದ ದುರ್ಬೀನಿನ ಜೊತೆ ಬರುವ, ಕಣ್ಣಿನ ಕಡೆ ತಿರುಗಿಸಿ ಕೂಡಿಸುವ ಕಪ್ಪು ಗಾಜು ಕಾದು ಒಡೆಯುತ್ತದೆ. ಅದನ್ನು ಇವತ್ತೇ ತೆಗೆದು ಬಿಸಾಡಿ. ಹಗಲು ಹೊತ್ತು ದುರ್ಬೀನು ಮಕ್ಕಳ ಕೈಗೆ ಒಂಟಿಯಾಗಿ ಕೊಡಬೇಡಿ.

ಅಂಗಡಿ ಈಗ ಮಗನದು. ಸಂಜೆ ಐದರಿಂದ ಎಂಟರವರೆಗೆ ನಾನು ಅಲ್ಲೇ ಕೂತಿರುತ್ತೇನೆ. ಮೂರೂ ಜಿಲ್ಲೆಯ ಯಾವ ಶಾಲೆಯವರು ತಮ್ಮ ದುರ್ಬೀನು ತಂದರೂ ಸ್ವಚ್ಛ ಮಾಡಿ, ನೇರ ಹೊಂದಿಸಿ ಕೊಡುತ್ತೇನೆ, ದುಡ್ಡು ಬೇಡ. ತರುವಾಗ ಪೆಟ್ಟಿಗೆಯೊಳಗಿನ ಸಣ್ಣ ಸ್ಕ್ರೂಗಳನ್ನು ಎಸೆಯಬೇಡಿ. ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡಿ, ಧೂಳು ಇದ್ದ ಹಾಗೆಯೇ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಚಾಳೀಸಿನ ಕಾರಿಗಾರ,
ಬ್ರಹ್ಮಪುರ, ಕಲಬುರಗಿ